ತರಗತಿಯ ಮುಂದೆ ನಿಂತ ಸಾಕ್ಷಿ: ಪ್ರೀಮೊ ಲೇವಿ

ಪ್ರೀಮೊ ಲೇವಿಯವರು ಹೊಟ್ಟೆಪಾಡಿಗೆ ಹಿಡಿದ ಕಸುಬು ರಸಾಯನಶಾಸ್ತ್ರ. ಸುಮಾರು ಮೂವತ್ತು ವರ್ಷ ಅವರು ಇಟಲಿಯ ಟ್ಯೂರಿನ್ ನಗರದ ಹತ್ತಿರ ಒಂದು ಬಣ್ಣ ಮತ್ತು ವಾರ್ನಿಷ್ ಕಾರ್ಖಾನೆಯಲ್ಲಿ ದುಡಿದರು. ಎರಡನೆಯ ಕಸುಬು ಬರೆವಣಿಗೆ. ಅದು ಬಹುಕಾಲ ಸಂಜೆಗಳಲ್ಲಿಯೂ ರಜೆಯ ದಿನಗಳಲ್ಲಿಯೂ ಸಾಗಿದ್ದು. ಇವೆರಡರ ಜೊತೆಗೆ ಮೂರನೆಯದೊಂದು ಕೆಲಸವೂ ಅವರಿಗಿದ್ದಿತು. ಅದಕ್ಕೆ ಸಂಬಳವಿರಲಿಲ್ಲ, ನೇಮಕದ ಪತ್ರವಿರಲಿಲ್ಲ. ಶಾಲೆಯಿಂದ ಶಾಲೆಗೆ ಹೋಗಿ, ಹುಡುಗ ಹುಡುಗಿಯರ ಮುಂದೆ ನಿಂತು, ತಾವು ಆಷ್‌ವಿಟ್ಸ್‌ನ ಸೆರೆಶಿಬಿರದಲ್ಲಿ ಕಂಡುದನ್ನು ಹೇಳುವುದು, ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದು, ಇದೇ ಆ ಕೆಲಸ. ಲೇವಿಯವರನ್ನು ದೊಡ್ಡ ಸಾಹಿತಿಯೆಂದು ಲೋಕ ಮನ್ನಿಸಿದೆ, ಅದು ಸರಿಯೇ. ಆದರೆ ಅವರ ಬಾಳಿನ ಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಆ ಮೂರನೆಯ ಕೆಲಸದ ಬಳಿಯೇ ಹೋಗಿ ನಿಲ್ಲುತ್ತದೆ. ಒಬ್ಬನು ಅನುಭವಿಸಿದುದನ್ನು ಅನುಭವಿಸದ ಇನ್ನೊಬ್ಬನಿಗೆ ಮುಟ್ಟಿಸಲು ಸಾಧ್ಯವೆ? ಎಲ್ಲ ಉಪಾಧ್ಯಾಯರಿಗೂ ಎದುರಾಗುವ ಈ ಪ್ರಶ್ನೆ ಲೇವಿಯವರಿಗೆ ಅತ್ಯಂತ ಕಠಿನವಾದ ರೂಪದಲ್ಲಿ ಎದುರಾಯಿತು. ಅದಕ್ಕೆ ಅವರು ಹೇಗೆ ಉತ್ತರ ಹುಡುಕಿದರೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಲೇವಿ ಹುಟ್ಟಿದ್ದು 1919ರ ಜುಲೈ 31ರಂದು, ಟ್ಯೂರಿನ್ನಿನಲ್ಲಿ. ಕೊರ್ಸೊ ರೇ ಉಂಬೆರ್ತೊ ಎಂಬ ಬೀದಿಯ 75ನೆಯ ಸಂಖ್ಯೆಯ ಮನೆ ಅವರ ಜನ್ಮಗೃಹ. ಬದುಕಿನ ಬಹುಭಾಗವನ್ನು ಅವರು ಕಳೆದದ್ದೂ ಆ ಮನೆಯಲ್ಲಿಯೇ. ತಂದೆ ಚೇಸರೆ ಇಂಜಿನಿಯರು, ಪುಸ್ತಕಗಳ ಹುಚ್ಚಿನವರು, ತಾಯಿ ಎಸ್ತೆರ್, ಒಬ್ಬಳೇ ತಂಗಿ ಆನ್ನ ಮರಿಯ. ಮನೆತನ ಯೆಹೂದ್ಯರದು. ಇಟಲಿಯಲ್ಲಿ ಆಗ ಯೆಹೂದ್ಯರ ಸಂಖ್ಯೆ ಸುಮಾರು ಸಾವಿರಕ್ಕೆ ಒಬ್ಬರಂತೆ ಇದ್ದಿತು. ಶತಮಾನಗಳಿಂದ ಆ ನೆಲದಲ್ಲಿ ಬೇರೂರಿ, ಆ ನೆಲದ ಮಾತನ್ನೇ ಆಡುತ್ತ, ನೆರೆಹೊರೆಯವರಲ್ಲಿ ಒಂದಾಗಿ ಬಾಳಿದ ಜನ ಅವರು. ತಾನು ಯೆಹೂದ್ಯನೆಂಬುದು ಬಾಲಕ ಲೇವಿಗೆ ಕೆಲವು ಹಬ್ಬಗಳು, ಅಜ್ಜ ಅಜ್ಜಿಯರ ಕೆಲವು ವಿಚಿತ್ರ ಪದಗಳು, ಇಷ್ಟಕ್ಕೇ ಸೇರಿದ ಸಂಗತಿಯಾಗಿದ್ದಿತು. ಮೈಕಟ್ಟು ಸಣ್ಣದು, ಸ್ವಭಾವ ಸಂಕೋಚದ್ದು, ಓದಿನಲ್ಲಿ ಮುಂದು.

1937ರಲ್ಲಿ ಅವರು ಟ್ಯೂರಿನ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರಕ್ಕೆ ಸೇರಿದರು. ಮರುವರ್ಷವೇ ಮುಸೊಲಿನಿಯ ಸರ್ಕಾರ ಜನಾಂಗದ ಕಾನೂನುಗಳನ್ನು ಹೊರಡಿಸಿತು. ಯೆಹೂದ್ಯ ಉಪಾಧ್ಯಾಯರು ಕೆಲಸ ಕಳೆದುಕೊಂಡರು, ಯೆಹೂದ್ಯ ಮಕ್ಕಳು ಸರ್ಕಾರಿ ಶಾಲೆಗಳಿಂದ ಹೊರಬಿದ್ದರು. ಆಗಲೇ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವರು ಮಾತ್ರ ಓದು ಮುಗಿಸಬಹುದೆಂಬ ವಿನಾಯಿತಿ ಇದ್ದುದರಿಂದ ಲೇವಿ ಉಳಿದುಕೊಂಡರು. ಸುತ್ತಲೂ ಭಾಷಣಗಳ ಅಬ್ಬರ, ಪರೀಕ್ಷೆಗೆ ನಿಲ್ಲದ ಘೋಷಣೆಗಳ ಗದ್ದಲ. ರಸಾಯನಶಾಸ್ತ್ರದಲ್ಲಾದರೋ ಪ್ರತಿಯೊಂದು ಹೆಜ್ಜೆಯನ್ನೂ ತೂಗಿ ನೋಡಬಹುದು, ಅಳೆದು ನೋಡಬಹುದು, ತಪ್ಪಿದ್ದರೆ ವಸ್ತುವೇ ಅದನ್ನು ತೋರಿಸಿಕೊಡುತ್ತದೆ. ಫ್ಯಾಸಿಸಂ ಎಂಬ ವಿಷಕ್ಕೆ ಈ ಶಾಸ್ತ್ರವೇ ಮದ್ದೆಂದು ಆ ತರುಣನಿಗೆ ತೋರಿತು. 1941ರಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಪ್ರಶಸ್ತಿಪತ್ರದಲ್ಲಿ ಆ ಶ್ರೇಣಿಯ ಜೊತೆಗೆ, ಈತ ಯೆಹೂದ್ಯ ಜನಾಂಗದವನೆಂಬ ಒಕ್ಕಣೆಯೂ ಇದ್ದಿತು.

ಅಂಥ ಪ್ರಶಸ್ತಿಪತ್ರ ಹಿಡಿದವನಿಗೆ ಕೆಲಸ ಕೊಡುವವರು ವಿರಳ. ಕಲ್ನಾರಿನ ಗಣಿಯೊಂದರಲ್ಲಿ ಗಣಿಯ ಕಸದಿಂದ ನಿಕ್ಕಲ್ ತೆಗೆಯುವ ಪ್ರಯೋಗ, ಆಮೇಲೆ ಮಿಲಾನಿನಲ್ಲಿ ಒಂದು ಔಷಧ ಕಂಪನಿಯ ಕೆಲಸ, ಹೀಗೆ ಎರಡು ವರ್ಷ ಸಾಗಿತು. 1942ರಲ್ಲಿ ತಂದೆ ತೀರಿಕೊಂಡರು. 1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳೊಡನೆ ಯುದ್ಧವಿರಾಮ ಮಾಡಿಕೊಂಡ ಸುದ್ದಿ ಹೊರಬಿದ್ದಿತು. ಒಡನೆಯೇ ಜರ್ಮನ್ ಸೈನ್ಯ ಉತ್ತರ ಇಟಲಿಯನ್ನು ಆಕ್ರಮಿಸಿತು. ಲೇವಿ ಕೆಲವರು ಗೆಳೆಯರೊಡನೆ ಆವೊಸ್ತ ಕಣಿವೆಯ ಬೆಟ್ಟಗಳಿಗೆ ಹೋಗಿ ಪ್ರತಿಭಟನೆಯ ಪುಟ್ಟ ದಳವೊಂದನ್ನು ಸೇರಿದರು. ಅವರಿಗೆ ಶಸ್ತ್ರಗಳಿರಲಿಲ್ಲ, ಅನುಭವವಿರಲಿಲ್ಲ. ಡಿಸೆಂಬರ್ 13ರ ಬೆಳಗಿನ ಜಾವ ಫ್ಯಾಸಿಸ್ಟ್ ಪಡೆ ಅವರನ್ನು ಸುತ್ತುಗಟ್ಟಿ ಹಿಡಿಯಿತು. ಪ್ರತಿಭಟನೆಯ ದಳದವನೆಂದರೆ ಗುಂಡಿಗೆ ಗುರಿಯಾಗಬೇಕಾದೀತೆಂದು ಅವರು ತಾವು ಯೆಹೂದ್ಯರೆಂದು ಹೇಳಿಕೊಂಡರು. ಆ ಮಾತಿನಲ್ಲಿ ಎಚ್ಚರವೂ ಇದ್ದಿತು, ಒಂದಿಷ್ಟು ಅಭಿಮಾನವೂ ಇದ್ದಿತು. ಪರಿಣಾಮವಾಗಿ ಮೊದೆನ ನಗರದ ಬಳಿಯ ಫೊಸ್ಸೊಲಿ ಶಿಬಿರಕ್ಕೆ ಅವರನ್ನು ಕಳುಹಿಸಿದರು. ಕೆಲವೇ ವಾರಗಳಲ್ಲಿ ಆ ಶಿಬಿರ ಜರ್ಮನರ ಕೈಸೇರಿತು.

1944ರ ಫೆಬ್ರುವರಿ 22ರಂದು ಫೊಸ್ಸೊಲಿಯಿಂದ ರೈಲೊಂದು ಹೊರಟಿತು. ಹನ್ನೆರಡು ಸರಕಿನ ಗಾಡಿಗಳು, ಆರುನೂರ ಐವತ್ತು ಜನ. ಮುದುಕರು, ಬಸುರಿಯರು, ಹಸುಗೂಸುಗಳು ಎಲ್ಲರೂ ಅದರಲ್ಲಿ. ದಿನಗಟ್ಟಲೆ ನೀರಿಲ್ಲದ ಪ್ರಯಾಣ ಮುಗಿದದ್ದು ಪೋಲೆಂಡಿನ ಆಷ್‌ವಿಟ್ಸ್‌ನಲ್ಲಿ. ಇಳಿದ ಹತ್ತೇ ನಿಮಿಷಗಳಲ್ಲಿ ಕೆಲಸಕ್ಕೆ ಬರುವವರು ಯಾರು, ಬಾರದವರು ಯಾರು ಎಂಬ ವಿಂಗಡಣೆ ಆಗಿಹೋಯಿತು. ತೊಂಬತ್ತಾರು ಗಂಡಸರು, ಇಪ್ಪತ್ತೊಂಬತ್ತು ಹೆಂಗಸರು ಶಿಬಿರಗಳ ಒಳಗೆ ಹೋದರು. ಉಳಿದ ಐನೂರಕ್ಕೂ ಹೆಚ್ಚು ಜನರಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಒಬ್ಬರೂ ಜೀವಂತವಾಗಿರಲಿಲ್ಲ. ಲೇವಿಯವರಿದ್ದ ಗಾಡಿಯಲ್ಲಿ ನಲವತ್ತೈದು ಜನರಿದ್ದರು. ಮತ್ತೆ ಮನೆ ಕಂಡವರು ಅವರಲ್ಲಿ ನಾಲ್ವರು. ಈ ಸಂಖ್ಯೆಗಳನ್ನು ಲೇವಿ ಎಲ್ಲಿಯೂ ಉದ್ವೇಗದಿಂದ ಹೇಳಿಲ್ಲ. ಪ್ರಯೋಗಶಾಲೆಯಲ್ಲಿ ತೂಕವನ್ನು ಬರೆದಿಡುವಂತೆ ಬರೆದಿಟ್ಟಿದ್ದಾರೆ. ಓದುವವನ ಎದೆ ನಡುಗುವುದು ಆ ಕಾರಣಕ್ಕಾಗಿಯೇ.

ಅವರ ಎಡಗೈಯ ಮೇಲೆ 174517 ಎಂಬ ಅಂಕಿಯನ್ನು ಹಚ್ಚೆ ಹೊಯ್ದರು. ಅಂದಿನಿಂದ ಅದೇ ಅವರ ಹೆಸರು. ಅವರನ್ನಿಟ್ಟದ್ದು ಮುಖ್ಯ ಶಿಬಿರದಿಂದ ಕೆಲವು ಕಿಲೋಮೀಟರು ದೂರದ ಮೊನೊವಿಟ್ಸ್‌ನಲ್ಲಿ. ಐ. ಜಿ. ಫಾರ್ಬೆನ್ ಎಂಬ ಭಾರಿ ರಾಸಾಯನಿಕ ಸಂಸ್ಥೆ ಅಲ್ಲಿ ಕೃತಕ ರಬ್ಬರಿನ ಕಾರ್ಖಾನೆಯನ್ನು ಕಟ್ಟಿಸುತ್ತಿದ್ದಿತು. ಕೂಲಿಗಳು ಶಿಬಿರದ ಸುಮಾರು ಹತ್ತು ಸಾವಿರ ಕೈದಿಗಳು. ಸಾವಿರಾರು ಜೀವಗಳನ್ನು ನುಂಗಿದ ಆ ಕಾರ್ಖಾನೆಯಿಂದ ಕೊನೆಯವರೆಗೂ ಕೃತಕ ರಬ್ಬರು ಹೊರಬರಲಿಲ್ಲ. ಹಸಿವು, ಚಳಿ, ಹೊಡೆತಗಳ ಜೊತೆಗೆ ಅಲ್ಲಿ ಇನ್ನೊಂದು ಮೃತ್ಯುವಿದ್ದಿತು, ಅದು ಭಾಷೆ. ಅಪ್ಪಣೆಗಳೆಲ್ಲ ಜರ್ಮನಿನಲ್ಲಿ. ಅರ್ಥವಾಗದವನು ತಡವರಿಸುತ್ತಾನೆ, ತಡವರಿಸಿದವನು ಏಟು ತಿನ್ನುತ್ತಾನೆ, ತನ್ನ ಪಾಲಿನದನ್ನು ಕೇಳಿ ಪಡೆಯಲಾರದೆ ಸೊರಗುತ್ತಾನೆ. ಇಟಲಿಯಿಂದ ಬಂದವರಲ್ಲಿ ಅನೇಕರು ಮೊದಮೊದಲಲ್ಲೇ ಸತ್ತುದಕ್ಕೆ ಇದೂ ಒಂದು ಕಾರಣವೆಂದು ಲೇವಿ ಮುಂದೆ ಬರೆದರು. ಅವರು ಮಾಡಿದ್ದೇನು? ತಮ್ಮ ಪಾಲಿನ ರೊಟ್ಟಿಯನ್ನೇ ಗುರುದಕ್ಷಿಣೆಯಾಗಿ ಕೊಟ್ಟು, ಜರ್ಮನ್ ಬಲ್ಲ ಒಬ್ಬ ಕೈದಿಯಿಂದ ಆ ಭಾಷೆಯ ಪಾಠ ಹೇಳಿಸಿಕೊಂಡರು. ರೊಟ್ಟಿಯೇ ಪ್ರಾಣವಾಗಿದ್ದ ಜಾಗದಲ್ಲಿ ರೊಟ್ಟಿಯನ್ನು ಕೊಟ್ಟು ಪಾಠವನ್ನು ಕೊಂಡವರು ಅವರು.

ಅದೇ ಶಿಬಿರದಲ್ಲಿ ಅವರು ಪಾಠ ಹೇಳಿಕೊಟ್ಟದ್ದೂ ಉಂಟು. ಅಲ್ಸೇಸ್ ಪ್ರಾಂತದ ಒಬ್ಬ ತರುಣ, ಜಾನ್ ಎಂಬುವನು, ಇಟಾಲಿಯನ್ ಕಲಿಯಬೇಕೆಂದು ಬಯಸಿದನು. ಒಂದು ದಿನ ಅವರಿಬ್ಬರೂ ತಮ್ಮ ತಂಡದ ಗಂಜಿಯ ಭಾರಿ ಪಾತ್ರೆಯನ್ನು ತರಲು ಒಟ್ಟಿಗೆ ಹೋದರು. ಆ ದಾರಿಯಲ್ಲಿ ಲೇವಿ ಆತನಿಗೆ ದಾಂತೆಯ ಮಹಾಕಾವ್ಯದಿಂದ ಯುಲಿಸೀಸನ ಪ್ರಸಂಗವನ್ನು ನೆನಪಿನಿಂದ ಹೇಳಿ, ಪದಪದಕ್ಕೆ ಅರ್ಥ ಬಿಡಿಸತೊಡಗಿದರು. ನಡುವೆ ಸಾಲುಗಳು ಮರೆತುಹೋಗಿವೆ. ಒಂದು ಸಾಲು ನೆನಪಾಗುವುದಾದರೆ ಅಂದಿನ ಗಂಜಿಯನ್ನೇ ಬಿಟ್ಟುಕೊಟ್ಟೇನೆಂಬಷ್ಟು ತಹತಹ. ಮನುಷ್ಯನು ಪಶುವಿನಂತೆ ಬಾಳಲು ಹುಟ್ಟಿದವನಲ್ಲವೆಂಬ ಆ ಕಾವ್ಯದ ಭಾವ ಅಲ್ಲಿ, ಆ ಕೆಸರಿನಲ್ಲಿ, ಪಾಠ ಹೇಳಿದವನಿಗೇ ಹೊಸದಾಗಿ ಹೊಳೆಯಿತು. ಲೇವಿಯವರ ಮೊದಲ ತರಗತಿಯೆಂದು ನಾನು ಎಣಿಸುವುದು ಇದನ್ನು. ಶಿಷ್ಯನೊಬ್ಬನೇ, ಅವನೂ ಬದುಕಿ ಉಳಿದನೆಂಬುದು ಸಂತೋಷದ ಸಂಗತಿ.

ಲೇವಿ ಹೇಗೆ ಉಳಿದರು? ಈ ಪ್ರಶ್ನೆಗೆ ಅವರು ಕೊನೆಯವರೆಗೂ ಒಂದೇ ಉತ್ತರ ಕೊಟ್ಟರು: ಅದೃಷ್ಟ. ಶಿಬಿರಕ್ಕೆ ಅವರು ಬಂದದ್ದು 1944ರಲ್ಲಿ. ಆಗ ಜರ್ಮನರಿಗೆ ಕೂಲಿಗಳ ಕೊರತೆಯಾಗಿ, ಕೈದಿಗಳ ಆಯುಸ್ಸನ್ನು ಒಂದಿಷ್ಟು ನೀಡಲು ನಿರ್ಧಾರವಾಗಿದ್ದಿತು. ರಸಾಯನಶಾಸ್ತ್ರ ಬಲ್ಲವರೆಂದು ಕೊನೆಯ ಚಳಿಗಾಲದಲ್ಲಿ ಕಾರ್ಖಾನೆಯ ಪ್ರಯೋಗಶಾಲೆಯೊಳಗೆ ಜಾಗ ದೊರೆಯಿತು. ಎಲ್ಲಕ್ಕಿಂತ ಮಿಗಿಲಾಗಿ, ಲೊರೆಂಜೊ ಪೆರೊನೆ ಎಂಬ ಗಾರೆಯವನು ದೊರೆತನು. ಆತ ಕೈದಿಯಲ್ಲ, ಇಟಲಿಯಿಂದ ಕೂಲಿಗೆ ಬಂದಿದ್ದವನು. ಆರು ತಿಂಗಳ ಕಾಲ ಆತ ದಿನವೂ ತನ್ನ ಗಂಜಿಯಲ್ಲಿ ಉಳಿಸಿ ಲೇವಿಯವರಿಗೆ ತಂದುಕೊಟ್ಟನು. ಸಿಕ್ಕಿಬಿದ್ದಿದ್ದರೆ ಆತನಿಗೆ ಘೋರ ಶಿಕ್ಷೆ ಕಾದಿದ್ದಿತು. ಪ್ರತಿಫಲವನ್ನು ಆತ ಬಯಸಲಿಲ್ಲ, ಮಾತನ್ನೂ ಹೆಚ್ಚು ಆಡಲಿಲ್ಲ. ಶಿಬಿರದ ಆಚೆಗೆ ಇನ್ನೂ ಒಂದು ನ್ಯಾಯವಾದ ಲೋಕವಿದೆ ಎಂಬ ನಂಬಿಕೆ ಆ ಗಂಜಿಯ ಜೊತೆಗೆ ದಿನವೂ ಬರುತ್ತಿದ್ದಿತು. ಯುದ್ಧದ ತರುವಾಯ ಲೊರೆಂಜೊ ಬದುಕಿನಲ್ಲಿ ಬೇಸತ್ತು, ಕುಡಿತಕ್ಕೆ ಬಿದ್ದು, 1952ರಲ್ಲಿ ತೀರಿಕೊಂಡನು. ಅನ್ನದ ಋಣವನ್ನು ಲೇವಿ ಮರೆಯಲಿಲ್ಲ. ಮಗಳಿಗೆ ಲೀಸ ಲೊರೆಂಜ ಎಂದೂ ಮಗನಿಗೆ ರೆಂಜೊ ಎಂದೂ ಆತನ ಹೆಸರನ್ನೇ ಇಟ್ಟರು.

ಶಿಬಿರದ ರಾತ್ರಿಗಳಲ್ಲಿ ಲೇವಿಯವರಿಗೆ ಪದೇ ಪದೇ ಒಂದು ಕನಸು ಬೀಳುತ್ತಿದ್ದಿತು. ತಾವು ಮನೆಗೆ ಹಿಂತಿರುಗಿದ್ದಾರೆ. ತಂಗಿ, ಸ್ನೇಹಿತರು ಸುತ್ತಲೂ ಕುಳಿತಿದ್ದಾರೆ. ತಾವು ಹಸಿವನ್ನೂ ಹೊಡೆತವನ್ನೂ ವರ್ಣಿಸುತ್ತಿದ್ದಾರೆ. ಆದರೆ ಯಾರೂ ಕಿವಿಗೊಡುತ್ತಿಲ್ಲ. ಅವರವರು ಬೇರೆ ಮಾತಾಡಿಕೊಳ್ಳುತ್ತಾರೆ. ತಂಗಿ ಒಮ್ಮೆ ನೋಡಿ, ಎದ್ದು, ಸುಮ್ಮನೆ ಹೊರಟುಹೋಗುತ್ತಾಳೆ. ಗೆಳೆಯ ಅಲ್ಬೆರ್ತೊನಿಗೆ ಇದನ್ನು ಹೇಳಿದರೆ, ಅವನಿಗೂ ಅದೇ ಕನಸು ಬೀಳುತ್ತಿದ್ದಿತಂತೆ. ಇನ್ನೆಷ್ಟೋ ಜನರಿಗೂ ಅದೇ. ಇಷ್ಟು ಜನ ಕೈದಿಗಳು ಒಂದೇ ಕನಸನ್ನು ಕಂಡರೆಂಬುದು ಯೋಚಿಸತಕ್ಕ ವಿಷಯ. ಸಾವಿಗೆ ಅಂಜುವಷ್ಟೇ ಅವರು ತಮ್ಮ ಮಾತಿಗೆ ಕೇಳುಗರಿಲ್ಲದೆ ಹೋದೀತೆಂಬುದಕ್ಕೂ ಅಂಜಿದರು. ಲೇವಿಯವರು ಮುಂದೆ ಮಾಡಿದ ಕೆಲಸವೆಲ್ಲವೂ ಆ ಕನಸಿಗೆ ಎಚ್ಚರದಲ್ಲಿ ಕೊಟ್ಟ ಉತ್ತರವೆಂದರೆ ತಪ್ಪಾಗಲಾರದು.

1945ರ ಜನವರಿಯಲ್ಲಿ ಅವರಿಗೆ ಕೆಂಜ್ವರ ತಗಲಿತು. ಶಿಬಿರದ ಆಸ್ಪತ್ರೆ ಸೇರಿದರು. ರಷ್ಯನ್ ಸೈನ್ಯ ಹತ್ತಿರ ಬಂದಿತೆಂದು ಜರ್ಮನರು ನಡೆಯಬಲ್ಲ ಕೈದಿಗಳನ್ನೆಲ್ಲ ಹಿಮದಲ್ಲಿ ಹೊಡೆದುಕೊಂಡು ಹೋದರು. ಆ ನಡಿಗೆಯಲ್ಲಿ ಬಹಳ ಜನ ಸತ್ತರು. ಅಲ್ಬೆರ್ತೊ ಕೂಡ ಮರಳಲಿಲ್ಲ. ಕಾಯಿಲೆಯವರನ್ನು ಅಲ್ಲಿಯೇ ಬಿಟ್ಟಿದ್ದರಿಂದ ಲೇವಿ ಉಳಿದರು. ಜನವರಿ 27ರಂದು ರಷ್ಯನ್ನರು ಬಂದರು. ಬಿಡುಗಡೆಯಾದರೂ ಮನೆ ದೂರವಿದ್ದಿತು. ರಷ್ಯಾದ ಬಯಲುಗಳು, ರುಮಾನಿಯ, ಹಂಗೆರಿ, ಆಸ್ಟ್ರಿಯ ಎಂದು ತಿಂಗಳುಗಟ್ಟಲೆ ಅಲೆದು ಅವರು ಟ್ಯೂರಿನ್ ಮುಟ್ಟಿದ್ದು ಆ ವರ್ಷದ ಅಕ್ಟೋಬರ್ 19ರಂದು. ತಾಯಿ ಮತ್ತು ತಂಗಿ ಬದುಕಿದ್ದರು. ಮನೆ ಹಾಗೆಯೇ ಇದ್ದಿತು.

ಹಿಂತಿರುಗಿದವರಲ್ಲಿ ಕೆಲವರು ಬಾಯಿಗೆ ಬೀಗ ಹಾಕಿಕೊಂಡರು. ಲೇವಿಯವರಾದರೋ ಮಾತನ್ನು ತಡೆಯಲಾರದೆ ಹೋದರು. ರೈಲಿನಲ್ಲಿ ಪಕ್ಕಕ್ಕೆ ಕುಳಿತ ಅಪರಿಚಿತರಿಗೂ ಹೇಳಿದರು. ಶಿಬಿರದ ಜೊತೆಗಾರರಾದ ವೈದ್ಯ ಲಿಯೊನಾರ್ದೊ ದೆ ಬೆನೆದೆತ್ತಿಯವರೊಡನೆ ಸೇರಿ ಮೊನೊವಿಟ್ಸ್‌ನ ಆರೋಗ್ಯಸ್ಥಿತಿಯ ವರದಿಯೊಂದನ್ನು ಸಿದ್ಧಪಡಿಸಿದರು. ಅದು 1946ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದೇ ವರ್ಷ ಟ್ಯೂರಿನ್ ಬಳಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಬಿಡುವು ದೊರೆತಾಗಲೆಲ್ಲ ಬರೆದು, ತಮ್ಮ ಮೊದಲ ಪುಸ್ತಕವನ್ನು ಮುಗಿಸಿದರು. ಇವನು ಮನುಷ್ಯನೆಂದಾದರೆ ಎಂಬ ಅರ್ಥ ಬರುವ ಹೆಸರು ಅದಕ್ಕೆ. ಎಯ್‌ನಾವುದಿ ಎಂಬ ಪ್ರಸಿದ್ಧ ಪ್ರಕಾಶನ ಹಸ್ತಪ್ರತಿಯನ್ನು ತಿರಸ್ಕರಿಸಿತು. ಯುದ್ಧದ ಗಾಯವನ್ನು ಮರೆಯಬೇಕೆಂದು ಜನ ಬಯಸುತ್ತಿದ್ದ ಕಾಲ ಅದು. 1947ರಲ್ಲಿ ಒಂದು ಚಿಕ್ಕ ಪ್ರಕಾಶನ 2500 ಪ್ರತಿಗಳನ್ನು ಅಚ್ಚು ಹಾಕಿತು. ಅವೂ ಪೂರ್ತಿ ಮಾರಾಟವಾಗಲಿಲ್ಲ; ಉಳಿದ ಪ್ರತಿಗಳು ಫ್ಲಾರೆನ್ಸಿನ ಗೋದಾಮೊಂದರಲ್ಲಿ ಬಿದ್ದಿದ್ದು, 1966ರ ನೆರೆಯಲ್ಲಿ ನಾಶವಾದವು. ಕನಸು ನಿಜವಾಯಿತೋ ಎಂಬಂತಿದ್ದಿತು.

ಲೇವಿ ಎದೆಗುಂದದೆ ಸಂಸಾರಕ್ಕೂ ಕಸುಬಿಗೂ ತಿರುಗಿದರು. 1947ರಲ್ಲಿ ಲೂಚಿಯ ಮೊರ್ಪುರ್ಗೊ ಅವರನ್ನು ಮದುವೆಯಾದರು. ಸೀವ ಎಂಬ ಬಣ್ಣದ ಕಾರ್ಖಾನೆಗೆ ಸೇರಿ, ಕ್ರಮೇಣ ಅದರ ಮುಖ್ಯಸ್ಥರಾದರು. 1950ರ ದಶಕದ ನಡುವೆ ಟ್ಯೂರಿನ್ನಿನಲ್ಲಿ ಸೆರೆಶಿಬಿರಗಳ ಬಗ್ಗೆ ಒಂದು ಪ್ರದರ್ಶನ ಏರ್ಪಟ್ಟಿತು. ಲೇವಿ ಅಲ್ಲಿ ಮಾತಾಡಿದಾಗ ತರುಣರು ಅವರನ್ನು ಮುತ್ತಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಕೇಳುವ ಕಿವಿಗಳು ಹುಟ್ಟಿವೆ ಎಂದು ಅವರಿಗೆ ಮನವರಿಕೆಯಾಯಿತು. 1958ರಲ್ಲಿ, ಹಿಂದೆ ತಿರಸ್ಕರಿಸಿದ್ದ ಪ್ರಕಾಶನವೇ ಆ ಪುಸ್ತಕವನ್ನು ಮತ್ತೆ ಹೊರತಂದಿತು. ಅಲ್ಲಿಂದ ಮುಂದೆ ಅದು ಎಂದೂ ನಿಲ್ಲಲಿಲ್ಲ. 1961ರಲ್ಲಿ ಜರ್ಮನ್ ಅನುವಾದ ಬಂದಿತು. ಅನುವಾದದ ಪ್ರತಿಯೊಂದು ಪದವನ್ನೂ ಲೇವಿ ತಾವೇ ನೋಡಿ ತಿದ್ದಿದರು, ಏಕೆಂದರೆ ಯಾರ ವಿರುದ್ಧ ಆ ಸಾಕ್ಷ್ಯವೋ ಅವರ ಭಾಷೆಗೇ ಅದು ಹೋಗುತ್ತಿದ್ದಿತು. ಜರ್ಮನ್ ಓದುಗರಿಂದ ಬಂದ ಪತ್ರಗಳಿಗೆಲ್ಲ ಅವರು ಉತ್ತರ ಬರೆದರು. ಬಿಡುಗಡೆಯ ಅಲೆದಾಟವನ್ನು ಹೇಳುವ ಎರಡನೆಯ ಪುಸ್ತಕ 1963ರಲ್ಲಿ ಬಂದು ಬಹುಮಾನ ಪಡೆಯಿತು.

ಇಷ್ಟಾದ ಮೇಲೆ ಶಾಲೆಗಳಿಂದ ಕರೆ ಬರತೊಡಗಿತು. ಲೇವಿ ನೂರಕ್ಕೂ ಮಿಕ್ಕ ಶಾಲೆಗಳಿಗೆ ಹೋದರು. 1973ರಲ್ಲಿ ಅವರ ಮೊದಲ ಪುಸ್ತಕದ ಶಾಲಾ ಆವೃತ್ತಿ ಹೊರಬಂದಿತು. ಟಿಪ್ಪಣಿಗಳನ್ನು ಅವರೇ ಬರೆದರು. ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆಗಳನ್ನು ಆರಿಸಿ, 1976ರಲ್ಲಿ ಅವಕ್ಕೆ ಉತ್ತರಗಳನ್ನು ಅನುಬಂಧವಾಗಿ ಸೇರಿಸಿದರು. ಜರ್ಮನರಿಗೆ ಇದೆಲ್ಲ ತಿಳಿದಿದ್ದಿತೆ? ನೀವು ಅವರನ್ನು ಕ್ಷಮಿಸಿದ್ದೀರಾ? ಕೈದಿಗಳು ಏಕೆ ದಂಗೆಯೇಳಲಿಲ್ಲ? ಯೆಹೂದ್ಯರ ಮೇಲೆ ಇಷ್ಟು ದ್ವೇಷ ಏಕೆ? ಸ್ವಂತ ಗಾಯವನ್ನು ನೂರು ಬಾರಿ ಬಿಚ್ಚಿ ತೋರಿಸುವವನಿಗೆ ಪ್ರತಿ ಸಲವೂ ಅದೇ ಪ್ರಶ್ನೆ ಬಂದರೆ ತಾಳ್ಮೆ ಕೆಡುವುದು ಸಹಜ. ಲೇವಿಯವರ ಬರೆವಣಿಗೆಯಲ್ಲಿ ಆ ಕೆಡುಕಿನ ಸುಳಿವಿಲ್ಲ. ಪ್ರಶ್ನೆಯನ್ನು ಬದಿಗೊತ್ತದೆ, ಅದರ ಹಿಂದೆ ಕೇಳುವವನ ಮನಸ್ಸಿನಲ್ಲಿ ಯಾವ ಚಿತ್ರವಿದೆ ಎಂಬುದನ್ನು ಹುಡುಕುತ್ತಾರೆ.

ಇದಕ್ಕೆ ಒಂದು ಪ್ರಸಂಗವನ್ನು ಹೇಳಬೇಕು. ಅವರು ಒಮ್ಮೆ ಐದನೆಯ ತರಗತಿಯ ಮಕ್ಕಳ ಮುಂದೆ ಮಾತಾಡುತ್ತಿದ್ದರು. ಚುರುಕಾದ ಹುಡುಗನೊಬ್ಬನು ಎದ್ದು, ಮಾಮೂಲಿನ ಪ್ರಶ್ನೆಯನ್ನೇ ಕೇಳಿದನು: ತಪ್ಪಿಸಿಕೊಂಡು ಏಕೆ ಹೋಗಲಿಲ್ಲ? ಲೇವಿ ವಿವರಿಸಿದರು. ಹುಡುಗನಿಗೆ ಸಮಾಧಾನವಾಗಲಿಲ್ಲ. ಕರಿಹಲಗೆಯ ಮೇಲೆ ಶಿಬಿರದ ನಕ್ಷೆಯನ್ನು ಬರೆದು, ಕಾವಲು ಗೋಪುರಗಳು, ಬಾಗಿಲುಗಳು, ಮುಳ್ಳುತಂತಿ, ವಿದ್ಯುತ್ತಿನ ಕೇಂದ್ರ ಇವೆಲ್ಲ ಎಲ್ಲೆಲ್ಲಿದ್ದವೆಂದು ಗುರುತಿಸಬೇಕೆಂದು ಕೇಳಿದನು. ಮೂವತ್ತು ಜೊತೆ ಕಣ್ಣುಗಳು ನೋಡುತ್ತಿರಲು ಲೇವಿ ತಮ್ಮ ಕೈಲಾದಂತೆ ಬರೆದರು. ಹುಡುಗ ಕ್ಷಣಕಾಲ ನಕ್ಷೆಯನ್ನು ಪರೀಕ್ಷಿಸಿ, ಇನ್ನೂ ಕೆಲವು ವಿವರ ಕೇಳಿ, ತನ್ನ ಉಪಾಯವನ್ನು ಮಂಡಿಸಿದನು. ರಾತ್ರಿಯಲ್ಲಿ ಇಲ್ಲಿ ಕಾವಲುಗಾರನನ್ನು ಕೊಲ್ಲಬೇಕು, ಅವನ ಬಟ್ಟೆ ಹಾಕಿಕೊಳ್ಳಬೇಕು, ಓಡಿಹೋಗಿ ವಿದ್ಯುತ್ತನ್ನು ಕಡಿಯಬೇಕು. ದೀಪಗಳು ಆರುತ್ತವೆ, ತಂತಿಯಲ್ಲಿ ವಿದ್ಯುತ್ತಿರುವುದಿಲ್ಲ, ಸುಲಭವಾಗಿ ಹೊರಟುಹೋಗಬಹುದು. ಇನ್ನೊಮ್ಮೆ ಹಾಗಾದರೆ ತಾನು ಹೇಳಿದಂತೆಯೇ ಮಾಡಬೇಕೆಂದೂ, ಖಂಡಿತ ಗೆಲುವಾಗುವುದೆಂದೂ ಆ ಹುಡುಗ ಗಂಭೀರವಾಗಿ ಬುದ್ಧಿ ಹೇಳಿದನಂತೆ.

ತರಗತಿಯಲ್ಲಿ ನಿಂತು ಪಾಠ ಹೇಳಿದವರಿಗೆಲ್ಲ ಈ ಹುಡುಗನ ಪರಿಚಯವಿದೆ. ಅವನಲ್ಲಿ ಕುಚೋದ್ಯವಿಲ್ಲ; ಎದುರಿಗೆ ನಿಂತ ದೊಡ್ಡವರನ್ನು ಕಾಪಾಡಬೇಕೆಂಬ ಅಂತಃಕರಣವೇ ಇದೆ. ನನಗೆ ಈ ಪ್ರಸಂಗ ಮೊದಲು ನಗೆ ತರುತ್ತದೆ, ಆಮೇಲೆ ನಗೆ ಉಳಿಯುವುದಿಲ್ಲ. ಲೇವಿ ಇದನ್ನು ಬರೆದದ್ದು ಹುಡುಗನನ್ನು ಹಾಸ್ಯ ಮಾಡುವುದಕ್ಕಲ್ಲ. ನಡೆದುದಕ್ಕೂ ಪುಸ್ತಕ, ಚಲನಚಿತ್ರ, ಕಥೆಗಳಿಂದ ಜನ ಕಟ್ಟಿಕೊಂಡ ಕಲ್ಪನೆಗೂ ನಡುವೆ ಕಂದಕವೊಂದಿದೆ, ವರ್ಷ ಕಳೆದಂತೆ ಅದು ಅಗಲವಾಗುತ್ತಿದೆ ಎಂಬುದನ್ನು ತೋರಿಸುವುದಕ್ಕಾಗಿ. ಕಥೆಯ ಸೆರೆಯಾಳು ಗಟ್ಟಿಮುಟ್ಟಾದ ವೀರ. ಶಿಬಿರದ ಕೈದಿಯಾದರೋ ತಲೆ ಬೋಳಿಸಿದವನು, ಪಟ್ಟೆಯ ಬಟ್ಟೆಯವನು, ಮರದ ಅಟ್ಟೆಯ ಜೋಡಿನಲ್ಲಿ ಓಡಲಾರದವನು, ಹಸಿವಿನಿಂದ ಎಲುಬಾದವನು. ಹೊರಗೆ ಹೋದರೂ ಆ ನಾಡಿನ ಭಾಷೆ ಬಾರದು, ಆಶ್ರಯ ಕೊಡುವ ಮನೆಯಿಲ್ಲ. ತುಳಿತದಲ್ಲಿ ಎಲ್ಲರಿಗಿಂತ ಕೆಳಗೆ ಸಿಕ್ಕಿದವನು ದಂಗೆಯ ಮುಂದಾಳಾಗುವುದು ಚರಿತ್ರೆಯಲ್ಲಿ ಅಪರೂಪವೆಂದು ಲೇವಿ ನೆನಪಿಸಿದರು. ಆದರೂ ದಂಗೆ ಆಗಿಯೇ ಇತ್ತು. 1944ರ ಅಕ್ಟೋಬರಿನಲ್ಲಿ ಬಿರ್ಕೆನಾವಿನ ಹೆಣ ಸುಡುವ ಕೆಲಸದ ಕೈದಿಗಳು ತಿರುಗಿಬಿದ್ದು ಒಂದು ಕಟ್ಟಡವನ್ನು ನಾಶಮಾಡಿದರು. ಅದರಲ್ಲಿ ಕೈಯಿತ್ತೆಂದು ಒಬ್ಬನನ್ನು ಮೊನೊವಿಟ್ಸ್‌ನಲ್ಲಿ ಎಲ್ಲರೆದುರು ಗಲ್ಲಿಗೆ ಹಾಕಿದರು. ಅವನು ಸಾಯುವ ಮುನ್ನ ಕೂಗಿ ಹೇಳಿದ ಮಾತಿಗೆ ನೆರೆದ ಕೈದಿಗಳಲ್ಲಿ ಒಬ್ಬರೂ ದನಿಗೂಡಿಸಲಿಲ್ಲ. ಆ ಮೌನದಲ್ಲಿ ತಾವೂ ಇದ್ದರೆಂಬುದನ್ನು ಲೇವಿ ಮುಚ್ಚಿಡಲಿಲ್ಲ. ಅಂದು ರಾತ್ರಿ ಹೊಟ್ಟೆಗೆ ಗಂಜಿ ಬಿದ್ದ ಮೇಲೆ ತಮ್ಮನ್ನು ಬಾಧಿಸಿದ ನಾಚಿಕೆಯನ್ನೂ ಬರೆದಿಟ್ಟರು.

ಅವರ ಸಾಕ್ಷ್ಯದ ಬಲವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಸಾಕ್ಷಿಯಾದವನು ನ್ಯಾಯಾಧೀಶನ ಪೀಠವನ್ನು ಹತ್ತಬಾರದು. ಕಂಡುದನ್ನು ಹೇಳಬೇಕು, ತೀರ್ಪು ಕೇಳುವವರದು. ಆದುದರಿಂದಲೇ ಅವರು ರೋದನದ ಭಾಷೆಯನ್ನೂ ಸೇಡಿನ ಭಾಷೆಯನ್ನೂ ಬಿಟ್ಟು, ಶಾಂತವಾದ, ಎಚ್ಚರದ ಭಾಷೆಯನ್ನು ಆರಿಸಿಕೊಂಡರು. ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬರೆಯುವ ವರದಿಯೇ ತಮ್ಮ ಶೈಲಿಗೆ ಮಾದರಿಯೆಂದು ಹೇಳಿಕೊಂಡರು. ದ್ವೇಷದ ಪ್ರಶ್ನೆಗೆ ಅವರ ಉತ್ತರ ಸ್ಪಷ್ಟ: ಇಡೀ ಜನಾಂಗವನ್ನು ದ್ವೇಷಿಸುವುದೇ ನಾಜಿಗಳ ರೋಗ, ಅದನ್ನು ತಾವು ಅಂಟಿಸಿಕೊಳ್ಳುವುದಿಲ್ಲ. ಹಾಗೆಂದು ಕ್ಷಮೆಯನ್ನು ಬಿಟ್ಟಿ ಹಂಚಲೂ ಇಲ್ಲ. ಮಾಡಿದ ತಪ್ಪನ್ನು ಅರಿತು, ನಡತೆಯಿಂದ ಪಶ್ಚಾತ್ತಾಪವನ್ನು ತೋರಿಸಿದವನಿಗೆ ಮಾತ್ರ ಕ್ಷಮೆ. ಸಾಮಾನ್ಯ ಜರ್ಮನರಿಗೆ ತಿಳಿಯುವ ದಾರಿಗಳಿದ್ದವು. ಬಹುಮಂದಿ ತಿಳಿಯದಿರುವುದನ್ನೇ ಆರಿಸಿಕೊಂಡರು, ಅವರ ಪಾಲಿನ ಹೊಣೆ ಅದೇ ಎಂದರು. ತರುಣರಿಗೆ ಅವರು ಕೊಟ್ಟ ಎಚ್ಚರಿಕೆ ಒಂದೇ: ವಿಚಾರವನ್ನು ಬಿಟ್ಟು ಬೇರೆ ಬಲದಿಂದ ನಂಬಿಸಲು ಬರುವವನನ್ನು ಸಂಶಯದಿಂದ ನೋಡಬೇಕು, ಅವನ ಮಾತು ಎಷ್ಟೇ ಮೋಹಕವಾಗಿದ್ದರೂ.

ಕೊನೆಯ ವರ್ಷಗಳಲ್ಲಿ ಈ ಉಪಾಧ್ಯಾಯರಿಗೆ ದಣಿವು ಬಂದಿತು. ಆಷ್‌ವಿಟ್ಸ್‌ಗೆ ಅವರು 1965ರಲ್ಲಿ ಒಮ್ಮೆ, 1982ರಲ್ಲಿ ಇನ್ನೊಮ್ಮೆ ಹೋಗಿಬಂದಿದ್ದರು. ಇತ್ತ ಅನಿಲಗೃಹಗಳೇ ಇರಲಿಲ್ಲವೆಂದು ವಾದಿಸುವವರು ಯೂರೋಪಿನಲ್ಲಿ ತಲೆಯೆತ್ತಿದ್ದರು. ಶಾಲೆಯ ಮಕ್ಕಳಿಗೆ ಶಿಬಿರದ ಕಥೆ ಅಜ್ಜಂದಿರ ಕಾಲದ ಸಂಗತಿಯಾಗಿದ್ದಿತು. ನೂರಾರು ಸಲ ಹೇಳಿದ ನೆನಪು ಸವೆದು, ಒಂದೇ ಅಚ್ಚಿನಲ್ಲಿ ಗಟ್ಟಿಯಾಗಿ, ಮೂಲ ಅನುಭವದ ಜಾಗದಲ್ಲಿ ತಾನೇ ಕುಳಿತುಬಿಡುತ್ತದೆ ಎಂಬ ಅಳುಕೂ ಅವರನ್ನು ಕಾಡಿತು. ಈ ಯೋಚನೆಗಳನ್ನೆಲ್ಲ 1986ರಲ್ಲಿ ಹೊರಬಂದ ಕಡೆಯ ಗ್ರಂಥದಲ್ಲಿ ತಂದಿದ್ದಾರೆ. ಮುಳುಗಿದವರು, ಪಾರಾದವರು ಎಂಬುದು ಅದರ ಹೆಸರಿನ ಅರ್ಥ. ಪೀಡಕರಿಗೂ ಪೀಡಿತರಿಗೂ ನಡುವೆ ಬೂದುಬಣ್ಣದ ವಲಯವೊಂದಿದೆ, ಅಲ್ಲಿಯ ಮನುಷ್ಯರಿಗೆ ಅವಸರದ ತೀರ್ಪು ಸಲ್ಲದೆಂದು ಅದರಲ್ಲಿ ವಾದಿಸಿದರು. ಇನ್ನೂ ಕಠಿನವಾದ ಮಾತೊಂದು ಅಲ್ಲಿದೆ. ಪಾರಾಗಿ ಬಂದವರು ಪೂರ್ಣವಾದ ಸಾಕ್ಷಿಗಳಲ್ಲ. ತಳವನ್ನು ಮುಟ್ಟಿದವರೇ ನಿಜವಾದ ಸಾಕ್ಷಿಗಳು, ಆದರೆ ಅವರು ಮರಳಿ ಬರಲಿಲ್ಲ. ತಾವು ಆಡುವುದು ಅವರ ಪರವಾಗಿ ಆಡುವ ಮಾತು ಮಾತ್ರ. ನಲವತ್ತು ವರ್ಷ ಸಾಕ್ಷಿ ನುಡಿದವರು ಕೊನೆಗೆ ತಮ್ಮ ಸಾಕ್ಷ್ಯದ ಮಿತಿಯನ್ನು ತಾವೇ ಗೆರೆ ಎಳೆದು ತೋರಿಸಿದರು.

1987ರ ಏಪ್ರಿಲ್ 11ರಂದು, ತಾವು ಹುಟ್ಟಿದ ಆ ಮನೆಯ ಮೂರನೆಯ ಅಂತಸ್ತಿನಿಂದ ಮೆಟ್ಟಿಲುಗಳ ನಡುವಣ ಪೊಳ್ಳಿಗೆ ಬಿದ್ದು ಲೇವಿ ತೀರಿಕೊಂಡರು. ಆಗ ಅವರು ಖಿನ್ನತೆಯಿಂದ ನರಳುತ್ತಿದ್ದರು. ಅಧಿಕಾರಿಗಳು ಆತ್ಮಹತ್ಯೆಯೆಂದು ತೀರ್ಮ ಾನಿಸಿದರು. ಆಪ್ತರಲ್ಲಿ ಕೆಲವರು ಅದು ಆಕಸ್ಮಿಕವೆಂದೇ ನಂಬಿದರು. ಆ ಒಂದು ಬೆಳಗಿನ ಬೆಳಕಿನಲ್ಲಿ ಇಡೀ ಬಾಳನ್ನು ಹಿಂದುಮುಂದಾಗಿ ಓದಿ, ಶಿಬಿರವೇ ಕಡೆಗೆ ಗೆದ್ದಿತೆಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೊನೆಯೊಂದನ್ನೇ ಹಿಡಿದು ಅದಕ್ಕಿಂತ ಮುಂಚಿನ ನಲವತ್ತೆರಡು ವರ್ಷಗಳನ್ನು ಅಳಿಸಿಹಾಕುವುದು, ವಿಚಾರಣೆಯಿಲ್ಲದ ತೀರ್ಪಿಗೆ ಎಂದೂ ಒಪ್ಪದಿದ್ದವರಿಗೆ ಮಾಡುವ ಅನ್ಯಾಯ. ಅವರ ಗೋರಿಯ ಕಲ್ಲಿನ ಮೇಲೆ ಹೆಸರು, ಎರಡು ಇಸವಿಗಳು, ಮತ್ತು 174517 ಎಂಬ ಅಂಕಿ, ಇಷ್ಟೇ ಇವೆ. ಹೆಸರನ್ನು ಕಿತ್ತುಕೊಳ್ಳಲು ಹಚ್ಚಿದ ಅಂಕಿ ಅಲ್ಲಿ ಹೆಸರಿನ ಜೊತೆಗೇ ನಿಂತಿದೆ.

ಮಕ್ಕಳ ಪ್ರಶ್ನೆಗಳಿಗೆ ಉತ್ತರವಾಗಿ ಬರೆದ ಆ ಅನುಬಂಧದಲ್ಲಿ ಕೊನೆಯದೊಂದು ಪ್ರಶ್ನೆಯಿದೆ: ನೀವು ಶಿಬಿರಕ್ಕೆ ಹೋಗದೇ ಇದ್ದಿದ್ದರೆ ಇಂದು ಏನಾಗಿರುತ್ತಿದ್ದಿರಿ? ಹಾಗೆ ನಡೆಯದ ಬಾಳನ್ನು ಊಹಿಸುವುದು ಸಾಧ್ಯವಿಲ್ಲವೆಂದು ಲೇವಿ ಒಪ್ಪಿಕೊಳ್ಳುತ್ತಾರೆ. ಬರೆಯುವ ಹಟ ತಮಗೆ ಬಂದದ್ದು ಅಲ್ಲಿಂದ. ಮನುಷ್ಯರನ್ನೂ ಲೋಕವನ್ನೂ ಅರಿತದ್ದು ಅಲ್ಲಿ. ಇನ್ನೊಂದು ಶಿಬಿರದಿಂದ ಪಾರಾಗಿ ಬಂದ ಗೆಳತಿಯೊಬ್ಬರು ಆ ಶಿಬಿರವೇ ತಮ್ಮ ವಿಶ್ವವಿದ್ಯಾನಿಲಯವೆಂದಿದ್ದರಂತೆ. ತಮ್ಮ ಪಾಲಿಗೂ ಆ ಮಾತು ಸಲ್ಲುತ್ತದೆ ಎಂದು ಸೇರಿಸುತ್ತಾರೆ. ಟ್ಯೂರಿನ್ನಿನ ವಿಶ್ವವಿದ್ಯಾನಿಲಯ ಅವರ ಪ್ರಶಸ್ತಿಪತ್ರದಲ್ಲಿ ಜನಾಂಗವನ್ನು ನಮೂದಿಸಿತ್ತು. ಈ ಎರಡನೆಯ ವಿಶ್ವವಿದ್ಯಾನಿಲಯ ಕೈಯ ಮೇಲೆ ಅಂಕಿಯನ್ನೇ ಬರೆದಿತ್ತು. ಅಲ್ಲಿ ಕಲಿತುದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳದೆ, ಕೇಳಿದವರಿಗೆಲ್ಲ, ಕೇಳಿದಷ್ಟು ಸಲ, ಬೆಲೆ ಕೇಳದೆ ಹಂಚಿದರು.

ಕಂಡು ಬಂದವರ ತಲೆಮಾರು ಇಂದು ಮುಗಿಯುತ್ತ ಬಂದಿದೆ. ಇನ್ನು ಮೇಲೆ ಯಾವ ತರಗತಿಯ ಮುಂದೆಯೂ ತೋಳು ಮಡಿಸಿ ಅಂಕಿಯನ್ನು ತೋರಿಸಬಲ್ಲವರು ಇರುವುದಿಲ್ಲ. ಕರಿಹಲಗೆಯ ಮೇಲೆ ನಕ್ಷೆ ಬರೆಯಿರೆಂದು ಕೇಳುವ ಹುಡುಗ ಮಾತ್ರ ಯಾವ ಕಾಲಕ್ಕೂ ಇರುತ್ತಾನೆ. ಅವನ ಪ್ರಶ್ನೆಗೆ ನಗದೆ, ಸಿಡುಕದೆ, ತಿಳಿದಷ್ಟನ್ನು ತಪ್ಪಿಲ್ಲದೆ ಹೇಳಿ, ತಿಳಿಯದ ಕಡೆ ನಿಲ್ಲುವುದು ಹೇಗೆಂಬುದನ್ನು ಲೇವಿ ಬರೆದಿಟ್ಟು ಹೋಗಿದ್ದಾರೆ. ಸುಣ್ಣದ ಕಡ್ಡಿಯನ್ನು ಕೈಗೆ ತೆಗೆದುಕೊಳ್ಳುವ ಸರದಿ ಈಗ ಓದಿದವರದು.